ಮಲಾಯ ಸೊಪ್ಪಿನ ಡ್ರೈವರು

ನಮ್ಮ ಡ್ರೈವರು ತೀರಿಕೊಂಡ ಮೇಲೆ ಅವರ ಶಿವಗಣಾರಾಧನೆಯ ದಿನ ಶಿಕಾರಿಪುರದ ಅವರ ಮನೆಯಂಗಳದಲ್ಲಿ ಊಟಕ್ಕೆ ಕೂತಿದ್ದೆವು. ನನ್ನ ಪಕ್ಕದಲ್ಲಿದ್ದ ಹಿರಿಯರೊಬ್ಬರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ, "ಒಂದು ಬೀಡಿ ಸೇದಿದವ್ರಲ್ಲ, ಒಂದು ಅಡಿಕೆ ಹೋಳು ಬಾಯಿಗೆ ಹಾಕಿದವ್ರಲ್ಲ. ಯಾವ ಚಟಾನೂ ಇಲ್ದ ಮನುಷ್ಯ ಅಂದ್ರ ಅವ್ರೇ ನೋಡ್ರಿ" ಎಂದರು. ನನಗೆ ಹೋಳಿಗೆ ಗಂಟಲಲ್ಲಿ ಸಿಕ್ಕಿಕೊಂಡಿತು. ಕೆಮ್ಮುತ್ತಾ ತಲೆಯೆತ್ತಿದರೆ ಎದುರಿಗೆ ಅವರ ಹೆಂಡತಿ ನಿಂತಿದ್ದರು. ಆ ಮಾತು ಅವರ ಕಿವಿಗೂ ಬಿದ್ದಿತ್ತು. ನನ್ನ ಮುಖ ನೋಡಿದರು, ಸೆರಗನ್ನು ಬಾಯಿಗೆ ಒತ್ತಿಕೊಂಡು ಗಡಬಡಿಸಿ ಒಳಗೆ ಹೋದರು. ಪಾಪ, ಅಳು ತಡೆಯಲಾಗಲಿಲ್ಲ ಎಂದು ಪಂಕ್ತಿಯಲ್ಲಿದ್ದವರು ಲೊಚಗುಟ್ಟಿದರು. ಅಲ್ಲಿ ಇದ್ದವರಲ್ಲಿ ಅದು ನಗು ಎಂದು ಗೊತ್ತಿದ್ದವನು ನಾನೊಬ್ಬನೇ.

ಐವತ್ತರ ದಶಕದ ಕೊನೆಯಲ್ಲಿ ನಾನು ಶಿಕಾರಿಪುರದಿಂದ ಸೊರಬಕ್ಕೆ ಹೋಗಿಬರುತ್ತಿದ್ದ ಖಾಸಗಿ ಬಸ್ಸೊಂದರಲ್ಲಿ ಕಂಡಕ್ಟರಾಗಿದ್ದೆ. ಅವರು ಅದರ ಡ್ರೈವರು. ಯುದ್ಧದ ಕಾಲದಲ್ಲಿ ಮಿಲಿಟರಿ ಸೇರಿ, ಲಾರಿ ಹೊಡೆಯಲು ಕಲಿತು, ಮಲಾಯಕ್ಕೆ ಹೋಗಿ ಬಂದವರು. ಅದಕ್ಕೇ ಊರವರು ಅವರನ್ನು ಮಲಾಯದ ಡ್ರೈವರು ಎನ್ನುತ್ತಿದ್ದರು. ನಾನು ಅಣ್ಣಾರೆ ಎನ್ನುತ್ತಿದ್ದೆ, ಅವರು ನನ್ನನ್ನು ತಮ್ಮಾ ಎನ್ನುತ್ತಿದ್ದರು. ಎತ್ತರದ ಆಳು. ಖಾಕಿ ಅಂಗಿಯ ಮೇಲೆ ಒಂದು ಸುಕ್ಕಿಲ್ಲ. ಹಣೆಯ ಮೇಲಿನ ವಿಭೂತಿ ಸೊರಬ ಮುಟ್ಟಿ ವಾಪಸು ಬಂದರೂ ಅಳಿಸುತ್ತಿರಲಿಲ್ಲ. ಬೆಳಿಗ್ಗೆ ಬಸ್ಸಿನ ಮೂತಿಗೆ ಹ್ಯಾಂಡಲ್ ಕೊಟ್ಟು ಒಂದೇ ಏಟಿಗೆ ತಿರುಗಿಸಿ ಎಂಜಿನ್ ಎಬ್ಬಿಸುತ್ತಿದ್ದರು. ಆಮೇಲೆ ತಮ್ಮ ಸೀಟಿಗೆ ಏರಿ, ಹಿಂದೆ ತಿರುಗಿ, ಜನರನ್ನೆಲ್ಲ ಒಮ್ಮೆ ನೋಡುತ್ತಿದ್ದರು. ಮೇಷ್ಟರು ಹಾಜರಿ ತೆಗೆದುಕೊಳ್ಳುವ ಮುಂಚೆ ನೋಡುತ್ತಾರಲ್ಲ, ಹಾಗೆ.

ಆ ನೋಟ ಬೀಡಿ ಹುಡುಕುವ ನೋಟ. ಯಾರ ಕೈಯಲ್ಲಾದರೂ ಬೀಡಿ ಕಂಡರೆ ಬಸ್ಸು ಹೊರಡುತ್ತಿರಲಿಲ್ಲ.

"ಏ ಗೌಡ್ರೇ, ಅದನ್ನ ಕೆಳಗೆ ಹಾಕಿ ತುಳೀರಿ. ತುಳಿದ್ರಾ? ಈಗ ಒಂದ್ ಮಾತು ಕೇಳ್ರಿ. ಎತ್ತಿಗೆ ಮೂಗುದಾರ ಹಾಕೋರು ನಾವು. ನಿಮಗೆ ಮೂಗುದಾರ ಹಾಕಿದ್ದು ಯಾರು? ಈ ಎರಡು ಬೆರಳುದ್ದದ ಬೀಡಿ!"

ಹೀಗೆ ಶುರುವಾದದ್ದು ಸೊರಬ ಬರುವವರೆಗೂ ನಡೆಯುತ್ತಿತ್ತು. ಎಂಜಿನ್ ಸದ್ದಿಗಿಂತ ಮೇಲಿನ ದನಿಯಲ್ಲಿ, ಕಣ್ಣು ರಸ್ತೆಯ ಮೇಲಿಟ್ಟುಕೊಂಡೇ, ಕಾಫಿ, ಟೀ, ಎಲೆ ಅಡಿಕೆ, ಹೊಗೆಸೊಪ್ಪು, ಇಸ್ಪೀಟು ಎಲ್ಲದರ ಮೇಲೂ ಉಪನ್ಯಾಸ. ಬಳ್ಳಿಗಾವಿಯ ಕಡೆಯ ರೈತರು ಶಿರಾಳಕೊಪ್ಪದಲ್ಲಿ ಹತ್ತುವಾಗ, "ಇವತ್ತು ಯಾವುದ್ರ ಮೇಲೆ ನಡೀತೈತಿ?" ಎಂದು ನನ್ನನ್ನು ಮೆಲ್ಲಗೆ ಕೇಳುತ್ತಿದ್ದರು. ಕಾಫಿಯ ದಿನ ಎಂದು ಗೊತ್ತಾದರೆ ಕಾಫಿ ಕುಡಿಯದವರು ಮುಂದಿನ ಸೀಟಿಗೆ ಬಂದು ಕೂರುತ್ತಿದ್ದರು.

ಅವರ ಖಾಯಂ ಗುರಿ ಎಂದರೆ ಒಬ್ಬ ಶಾನುಭೋಗರು. ಕಚೇರಿ ಕೆಲಸಕ್ಕೆ ವಾರದಲ್ಲಿ ಮೂರು ನಾಲ್ಕು ಸಲ ಸೊರಬಕ್ಕೆ ಬರುವವರು, ನಶ್ಯದ ಡಬ್ಬಿ ಇಲ್ಲದೆ ಉಸಿರಾಡಲು ಬಾರದವರು. ಅವರು ಡಬ್ಬಿಯ ಮುಚ್ಚಳ ತೆಗೆದ ಸದ್ದು ಡ್ರೈವರಿಗೆ ಹೇಗೆ ಕೇಳುತ್ತಿತ್ತೋ.

"ಶಾನುಭೋಗ್ರೇ, ಮೂಗು ಕೊಟ್ಟ ಶಿವ ಅದಕ್ಕೆ ಗೊಬ್ಬರ ಹಾಕು ಅಂತ ಹೇಳಿಲ್ಲ."

"ನೀವು ಬಸ್ಸಿಗೆ ಎಣ್ಣೆ ಹಾಕಲ್ವೇನ್ರೀ? ಹಂಗೇ ಇದು," ಎಂದು ಶಾನುಭೋಗರು ನಶ್ಯ ಏರಿಸಿ, ಇಡೀ ಬಸ್ಸು ಅದುರುವಂತೆ ಸೀನುತ್ತಿದ್ದರು.

ಶಿರಾಳಕೊಪ್ಪದಲ್ಲಿ ಬಸ್ಸು ನಿಂತಾಗ ನಾವೆಲ್ಲ ಹೋಟೆಲಿಗೆ ನುಗ್ಗುತ್ತಿದ್ದೆವು. ಅವರು ಮಾತ್ರ ಬಸ್ಸಿನ ನೆರಳಲ್ಲಿ ನಿಂತು, ಸೀಟಿನ ಕೆಳಗಿಂದ ತಮ್ಮ ಮಿಲಿಟರಿ ನೀರಿನ ಬಾಟಲಿ ತೆಗೆದು, ಅದರಲ್ಲಿದ್ದ ಹಸಿರು ಬಣ್ಣದ ಕಷಾಯವನ್ನು ಗಟಗಟನೆ ಕುಡಿಯುತ್ತಿದ್ದರು. ಅದನ್ನು ಕುಡಿದ ಮೇಲೆ ಅವರ ಮುಖದಲ್ಲಿ ಒಂದು ಕಳೆ. ಅಕ್ಕಿ ಮೂಟೆ ಏರಿಸಲು ಹಮಾಲಿ ಬರದಿದ್ದರೆ ತಾವೇ ಬೆನ್ನು ಕೊಡುತ್ತಿದ್ದರು. ಬಿಸಿಲಲ್ಲಿ ಟಯರ್ ಬಿಚ್ಚಿ ಹಾಕಿದರೂ ಉಸ್ ಎನ್ನುತ್ತಿರಲಿಲ್ಲ.

"ಏನಣ್ಣಾರೆ ಅದು?" ಎಂದು ಹೊಸದರಲ್ಲಿ ಕೇಳಿದ್ದೆ.

"ಸೊಪ್ಪಿನ ಕಷಾಯ. ಮಲಾಯದ್ದು. ನೀನೂ ಕುಡಿ ಒಂದು ಗುಟುಕು."

ಕುಡಿದೆ. ಬೇವಿನೆಲೆಯನ್ನು ಹಾಗಲಕಾಯಿಯ ಜೊತೆ ಅರೆದು, ಅದಕ್ಕೆ ಕೆರೆಯ ಪಾಚಿ ಹಾಕಿದರೆ ಆ ರುಚಿ ಬಂದೀತು. ನಾನು ಉಗುಳಿದ್ದನ್ನು ನೋಡಿ ಅವರು ತುಂಬಾ ಹೊತ್ತು ನಕ್ಕರು. "ನಾಲಿಗೆಗೆ ಕಹಿ ಇರೋದು ದೇಹಕ್ಕೆ ಒಳ್ಳೇದಲೇ ತಮ್ಮಾ. ಇದಕ್ಕೆ ಚಟ ಅಂದಿಯಾ ಮತ್ತೆ? ಇಷ್ಟು ಕಹಿ ಇರೋದನ್ನ ಯಾರಾದ್ರೂ ಚಟಕ್ಕೆ ಕುಡೀತಾರೇನು!" ಆ ವಾದ ನನಗೂ ಸರಿ ಎನಿಸಿತು.

ಆ ಸೊಪ್ಪಿನ ಕಥೆಯನ್ನು ಅವರೇ ಹೇಳಿದ್ದರು. ಮಲಾಯದ ಉತ್ತರದ ತುದಿಯಲ್ಲಿ, ಸಯಾಮಿನ ಗಡಿಯ ಹತ್ತಿರ, ಇವರು ದಿನವಿಡೀ ಲಾರಿ ಹೊಡೆಯಬೇಕಾಗಿತ್ತಂತೆ. ನಡು ಬಿದ್ದುಹೋಗುತ್ತಿತ್ತಂತೆ. ಅಲ್ಲಿಯ ಲಾರಿ ಡ್ರೈವರುಗಳು ಮನೆಯ ಹಿತ್ತಲ ಮರದಿಂದ ಎಲೆ ಕಿತ್ತು, ನಡುನರ ಸೀಳಿ ಬಿಸಾಕಿ, ಅಗಿಯುತ್ತಿದ್ದರಂತೆ. ಅದಕ್ಕೆ ಅವರು ಕೆತುಮ್ ಎನ್ನುತ್ತಿದ್ದರು, ಗಡಿಯಾಚೆಯವರು ಕ್ರತೋಮ್ ಎನ್ನುತ್ತಿದ್ದರು. ಇವರಿಗೆ ಅಗಿಯುವುದು ಆಗಲಿಲ್ಲ, ಕುದಿಸಿ ಕುಡಿದರು. ನಡುನೋವು ಹೋಯಿತು. ಮನೆಯ ನೆನಪು ಕಾಡುವುದೂ ಕಡಿಮೆಯಾಯಿತು. ವಾಪಸು ಬರುವಾಗ ಒಂದು ಚೀಲ ತುಂಬ ಒಣಗಿದ ಸೊಪ್ಪು ತಂದರು. ಅದು ಮುಗಿಯುವ ಹೊತ್ತಿಗೆ ಅಲ್ಲೇ ಅಂಗಡಿ ಹಾಕಿ ಉಳಿದುಕೊಂಡಿದ್ದ ತಮಿಳು ಗೆಳೆಯನೊಬ್ಬ, ಹಡಗಿನಲ್ಲಿ ಊರಿಗೆ ಬರುವ ತನ್ನ ಕಡೆಯವರ ಕೈಯಲ್ಲಿ ಸೊಪ್ಪು ಕಳಿಸತೊಡಗಿದ. ಅವರು ನಾಗಪಟ್ಟಣದಲ್ಲಿ ಇಳಿದು ಶಿಕಾರಿಪುರಕ್ಕೆ ಪಾರ್ಸಲ್ ಮಾಡುತ್ತಿದ್ದರು.

ಮೊದಲು ಬೆಳಿಗ್ಗೆ ಅರ್ಧ ಲೋಟ ಇದ್ದದ್ದು ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಬೆಳಿಗ್ಗೆ ಒಂದು ಚೊಂಬು, ದಾರಿಗೆ ಒಂದು ಬಾಟಲಿ, ಸಂಜೆಗೆ ಮತ್ತೊಂದು ಚೊಂಬಾಗಿತ್ತು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಅವರಂತೂ ಹಿಡಿಯಲೇ ಇಲ್ಲ.

ಒಂದು ಬೇಸಿಗೆಯಲ್ಲಿ ಪಾರ್ಸಲ್ ಬರಲಿಲ್ಲ. ಗೆಳೆಯ ಅಂಗಡಿ ಬದಲಾಯಿಸುತ್ತಿದ್ದನೋ, ಹಡಗಿನಲ್ಲಿ ಬರುವವರು ಸಿಗಲಿಲ್ಲವೋ. "ಬರ್ತೈತಿ ಬಿಡು, ಬರದಿದ್ರೆ ಏನು, ಅದೇನು ಅನ್ನವಾ?" ಎಂದರು ಇವರು. ಆದರೆ ಬೆಳಿಗ್ಗೆ ಬಸ್ಸು ಎಬ್ಬಿಸುವ ಮೊದಲು ಟಪಾಲು ಕಚೇರಿಯ ಮುಂದೆ ಒಂದು ಸುತ್ತು ಹಾಕಿ ಬರತೊಡಗಿದರು.

ಸೊಪ್ಪಿನ ಡಬ್ಬದ ತಳ ಕಂಡ ಮೇಲೆ ಮೊದಲು ಬಂದದ್ದು ಆಕಳಿಕೆ. ನಾನು ಅಂಥ ಆಕಳಿಕೆಯನ್ನು ನೋಡಿಲ್ಲ. ಬಾಯಿ ತೆರೆದರೆ ಮುಚ್ಚುವಷ್ಟರಲ್ಲಿ ಬಸ್ಸು ಒಂದು ಕಲ್ವರ್ಟು ದಾಟಿರುತ್ತಿತ್ತು. ಆಕಳಿಕೆ ಅಂಟುವ ಜಾಡ್ಯ. ಡ್ರೈವರು ಆಕಳಿಸಿದರೆ ಮುಂದಿನ ಸೀಟಿನವರು, ಅವರನ್ನು ನೋಡಿ ನಡುವಿನವರು, ಆಮೇಲೆ ಹಿಂದಿನ ಸೀಟಿನ ಹೆಂಗಸರು, ಅವರ ಮಡಿಲ ಕೂಸುಗಳು. ತಾಳಗುಂದದ ಕಡೆ ಕುರಿ ಮಾರಿ ಬರುತ್ತಿದ್ದ ಒಬ್ಬ ಅಜ್ಜ ಟಿಕೇಟಿಗೆ ಕೈ ಚಾಚಿದವನು ಆಕಳಿಸುತ್ತಾ ಹಾಗೇ ನಿದ್ದೆಹೋದ. ಟಿಕೇಟು ಹರಿಯುವ ನಾನೂ ಆಕಳಿಸುತ್ತಿದ್ದೆ.

ಆಮೇಲೆ ಮೂಗು ಸೋರತೊಡಗಿತು. ಕಣ್ಣಲ್ಲಿ ನೀರು. ಸುಡುಬಿಸಿಲಲ್ಲಿ ತೋಳಿನ ರೋಮ ನೆಟ್ಟಗೆ ನಿಲ್ಲುತ್ತಿತ್ತು. ಶಾನುಭೋಗರಿಗೆ ಹಬ್ಬವಾಯಿತು.

"ಏನ್ರೀ ಡ್ರೈವರ್ರೇ, ನಶ್ಯ ಹಾಕೋ ನನ್ ಮೂಗು ಒಣಗಿರ್ತೈತಿ, ಏನೂ ಹಾಕ್ದಿರೋ ನಿಮ್ ಮೂಗು ಕಾಲುವೆ ಆಗೈತಲ್ಲ!"

ಬೇರೆ ದಿನವಾಗಿದ್ದರೆ ಇದಕ್ಕೆ ಸೊರಬದವರೆಗೂ ಉತ್ತರ ಬರುತ್ತಿತ್ತು. ಅವತ್ತು ಅವರು ಹಾರನ್ನಿನ ರಬ್ಬರ್ ಚೆಂಡನ್ನು ಹಿಸುಕಿದರು, ಅಷ್ಟೇ. ಎದುರಿಗೆ ಒಂದು ಕೋಳಿಯೂ ಇರಲಿಲ್ಲ.

ಮೂರನೆಯದು ಹೊಟ್ಟೆ. ಪೊದೆ ಕಂಡಲ್ಲಿ ಬಸ್ಸು ನಿಲ್ಲತೊಡಗಿತು. "ಎಂಜಿನ್ ಬಿಸಿ ಆಗೈತಿ, ತಣೀಲಿ" ಎಂದು ಇಳಿದು, ನೀರಿನ ಡಬ್ಬ ಹಿಡಿದು, ಎಂಜಿನ್ ಇರುವ ದಿಕ್ಕು ಬಿಟ್ಟು ಬೇರೆ ದಿಕ್ಕಿಗೆ ಓಡುತ್ತಿದ್ದರು. ಬಸ್ಸಿನಲ್ಲಿದ್ದ ಪ್ರತಿಯೊಬ್ಬರಲ್ಲೂ ಒಂದೊಂದು ಮದ್ದಿತ್ತು. ಒಬ್ಬಾಕೆ ದಾಳಿಂಬೆ ಸಿಪ್ಪೆ ಎಂದಳು. ಇನ್ನೊಬ್ಬಾಕೆ ದೃಷ್ಟಿ ಎಂದಳು, ಉಪ್ಪು ಮೆಣಸಿನಕಾಯಿ ನಿವಾಳಿಸಿ ಎಸೆದಳು, ಅದು ನನ್ನ ಕಣ್ಣಿಗೆ ಬಿತ್ತು. ಬಾಳೆಕಾಯಿ, ಮಜ್ಜಿಗೆ, ಜಾಯಿಕಾಯಿ ಎಲ್ಲ ಬಂದವು. ಅವರು ಎಲ್ಲವನ್ನೂ ತಿಂದರು. ಯಾವುದೂ ನಾಟಲಿಲ್ಲ.

ಸೊರಬದ ಕಡೆ ಕಾಡಿನಂಚಿನಲ್ಲಿ ಅದೇ ಥರದ ಎಲೆಯ ಮರವೊಂದನ್ನು ಕಂಡುಹಿಡಿದು, "ಇದೇ ಕಣೋ, ಅದರ ಅಣ್ಣತಮ್ಮಂದು" ಎಂದು ಕುಣಿದಾಡಿ ಒಂದು ಹೊರೆ ಕಿತ್ತು ತಂದದ್ದೂ ಆಯಿತು. ಅದರ ಕಷಾಯ ಕುಡಿದ ಮೇಲೆ ಅದುವರೆಗೆ ಕೆಳಗೆ ಮಾತ್ರ ಹೋಗುತ್ತಿದ್ದದ್ದು ಮೇಲಕ್ಕೂ ಬರಲು ಶುರುವಾಯಿತು.

ಒಂದು ಬೆಳಿಗ್ಗೆ ಬಸ್ಸಿನ ಹೊತ್ತಾದರೂ ಅವರು ಬರಲಿಲ್ಲ. ಮನೆಗೆ ಹೋದೆ. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಅಕ್ಕ ಹಿತ್ತಲ ಬಾಗಿಲಲ್ಲಿ ನಿಂತಿದ್ದವರು ಮಾತಾಡದೆ ಕೈ ತೋರಿಸಿದರು. ಹಿತ್ತಲ ತಿಪ್ಪೆಗುಂಡಿಯಲ್ಲಿ, ಆ ಇಸ್ತ್ರಿ ಖಾಕಿಯಲ್ಲೇ, ಮೊಣಕಾಲೂರಿ ಅವರು ಕೂತಿದ್ದರು. ಕಸ, ಬೂದಿ, ಸಗಣಿ ಕೆದಕಿ, ತಿಂಗಳುಗಟ್ಟಲೆ ಹಿಂದೆ ಕುದಿಸಿ ಚೆಲ್ಲಿದ್ದ ಸೊಪ್ಪಿನ ಚರಟವನ್ನು ಆರಿಸಿ ಒಂದು ಬಟ್ಟಲಿಗೆ ಹಾಕಿಕೊಳ್ಳುತ್ತಿದ್ದರು. ಮೊದಲು ನನಗೆ ನಗು ಬಂತು. ಅಕ್ಕನ ಮುಖ ನೋಡಿದ ಮೇಲೆ ಅದು ಅಲ್ಲೇ ನಿಂತಿತು.

"ತೊಳೆದು ಕುದಿಸಿದ್ರ ಇನ್ನೂ ಒಂಚೂರು ಸಾರ ಬಿಡ್ತೈತಿ," ಎಂದರು ಅವರು, ನಮ್ಮ ಕಡೆ ನೋಡದೆ.

"ರೀ, ಎದ್ದು ಬರ್ರಿ. ನಿಮ್ ಕಾಲಿಗೆ ಬೀಳ್ತೀನಿ," ಎಂದರು ಅಕ್ಕ. ಆಮೇಲೆ ನನ್ನ ಕಡೆ ತಿರುಗಿ, "ಜ್ವರ ಅಲ್ಲ, ಹೊಟ್ಟೆಬ್ಯಾನಿ ಅಲ್ಲ ತಮ್ಮಾ. ಆ ಸೊಪ್ಪು ನಿಂತ ಮ್ಯಾಲೇ ಹಿಂಗಾಗಿದ್ದು. ನಾ ಹೇಳಿದ್ರ ನನ್ನೇ ಬೈತಾರ" ಎಂದರು.

"ಸೊಪ್ಪಿಗೇನು ಕಣೇ ಆಗ್ತೈತಿ? ಕರಿಬೇವು ತಿಂದೋರಿಗೆ ಚಟ ಆಗ್ತೈತೇನು?" ಎಂದು ಗುಂಡಿಯೊಳಗಿಂದಲೇ ಅವರು ಕೂಗಿದರು.

ರಜೆ ಹಾಕಿ ಎಂದು ನಾವಿಬ್ಬರೂ ಹೇಳಿದೆವು. ಕೇಳಲಿಲ್ಲ. ಧಣಿಗಳ ಬಸ್ಸು ಒಂದು ದಿನವೂ ನಿಂತದ್ದಿಲ್ಲ ಎಂಬುದು ಅವರ ಹೆಮ್ಮೆ. ಆ ದಿನವೇ ಅದು ನಿಂತಿತು. ಶಿರಾಳಕೊಪ್ಪ ದಾಟಿ ಸೊರಬದ ದಾರಿಯಲ್ಲಿ ಒಂದು ದೊಡ್ಡ ಕೆರೆ. ರಸ್ತೆ ಅದರ ಏರಿಯ ಮೇಲೆ ಹೋಗುತ್ತದೆ. ಒಂದು ಕಡೆ ನೀರು, ಇನ್ನೊಂದು ಕಡೆ ಆಳದಲ್ಲಿ ಗದ್ದೆ. ಬಸ್ಸು ತುಂಬ ಜನ, ಮೇಲೆ ಕುಂಬಳಕಾಯಿ, ಕೋಳಿ ಬುಟ್ಟಿ. ಏರಿ ಶುರುವಾಗುವ ಜಾಗಕ್ಕೆ ಬಂದದ್ದೇ ಅವರು ಬ್ರೇಕ್ ಹಾಕಿ, ಎಂಜಿನ್ ಆರಿಸಿ, ಸ್ಟಿಯರಿಂಗ್ ಮೇಲಿಂದ ಎರಡೂ ಕೈ ತೆಗೆದು ಮಡಿಲಲ್ಲಿಟ್ಟುಕೊಂಡರು. ಕೈ ಮಡಿಲಲ್ಲೂ ನಿಲ್ಲಲಿಲ್ಲ.

"ತಮ್ಮಾ, ಎಲ್ಲಾರ್ನೂ ಇಳಿಸು."

"ಯಾಕ್ರೀ, ಎಂಜಿನ್ ಬಿಸಿ ಆತಾ?" ಎಂದು ಶಾನುಭೋಗರು ಕಣ್ಣು ಮಿಟುಕಿಸಿದರು.

"ಇಲ್ರೀ. ನಿದ್ದಿಲ್ದೆ ಕಣ್ಣಾಗ ಕತ್ತಲಿ ಬರಾಕತ್ತೈತಿ. ಏರಿ ಎರಡಾಗಿ ಕಾಣ್ತೈತಿ. ಯಾವ ಏರಿ ಮ್ಯಾಲೆ ಹೋಗ್ಲಿ, ನೀವೇ ಹೇಳ್ರಿ."

ಮರುಕ್ಷಣ ಎಲ್ಲರೂ ಒಟ್ಟಿಗೆ ಇಳಿಯಲು ನುಗ್ಗಿದರು, ಕೋಳಿಗಳು ಕೂಗಿದವು. ಹಿಂದಿನಿಂದ ಬಂದ ಲಾರಿಯವನೊಬ್ಬ ನಮ್ಮ ಖಾಲಿ ಬಸ್ಸನ್ನು ಏರಿ ದಾಟಿಸಿ ಕೊಡಲು ಒಪ್ಪಿದ. ನಾವೆಲ್ಲ ಅದರ ಹಿಂದೆ ನಡೆದೆವು. ನಡುವೆ ಡ್ರೈವರು. ಅವರ ಒಂದು ತೋಳು ನನ್ನ ಹೆಗಲ ಮೇಲೆ, ಇನ್ನೊಂದು ಶಾನುಭೋಗರ ಹೆಗಲ ಮೇಲೆ. ಶಾನುಭೋಗರು ಗಾಬರಿಗೆ ನಶ್ಯ ಏರಿಸಿದರು, ಸೀನಿದರು. ಮೂವರೂ ಒಟ್ಟಿಗೆ ಅಲುಗಿದೆವು. ಆ ದಿನ ಅವರು ಅಲ್ಲಿ ಬಸ್ಸು ನಿಲ್ಲಿಸದಿದ್ದರೆ ಇದನ್ನು ಬರೆಯಲು ನಾನು ಇರುತ್ತಿರಲಿಲ್ಲ ಎಂದು ಎಷ್ಟೋ ಸಲ ಅನಿಸಿದೆ.

ಸೊರಬದ ಆಸ್ಪತ್ರೆಯ ಡಾಕ್ಟರು ಸಾವಕಾಶದ ಮನುಷ್ಯರು. "ಏನಾದ್ರೂ ಅಭ್ಯಾಸ ಇದೆಯಾ?" ಎಂದು ಕೇಳಿದರು. ಇವರು ಆ ಸ್ಥಿತಿಯಲ್ಲೂ ಎದ್ದು ಕೂತು, ತಮಗೆ ಬೀಡಿ ಇಲ್ಲ, ಕಾಫಿ ಇಲ್ಲ, ಅಡಿಕೆ ಇಲ್ಲ ಎಂದು ಬಸ್ಸಿನ ಉಪನ್ಯಾಸವನ್ನೇ ಶುರುಮಾಡಿದರು. ನಾನು ಸೀಟಿನ ಕೆಳಗಿಂದ ತಂದಿದ್ದ ಬಾಟಲಿಯನ್ನು ಮೇಜಿನ ಮೇಲಿಟ್ಟೆ. ಡಾಕ್ಟರು ಮುಚ್ಚಳ ತೆಗೆದು ಮೂಸಿದರು, ಎಷ್ಟು ವರ್ಷದಿಂದ, ಎಷ್ಟೆಷ್ಟು ಎಂದು ಕೇಳಿದರು, ಬರೆದುಕೊಳ್ಳದೆ ತಲೆಯಾಡಿಸಿದರು.

"ಈ ಸೊಪ್ಪು ನಂಗೆ ಗೊತ್ತಿಲ್ಲ. ಆದ್ರೆ ಅಫೀಮು ಬಿಟ್ಟವರನ್ನ ನೋಡಿದೀನಿ, ಥೇಟ್ ಇದೇ ಅವಸ್ಥೆ. ಇದು ಅದರ ದಾಯಾದಿ ಇರಬೇಕು. ನಿಮ್ಮ ಮೈಗೆ ಅದು ಬೇಕೇ ಬೇಕು ಅಂತ ಆಗಿಹೋಗಿದೆ. ಸಾಯೋದಿಲ್ಲ ನೀವು. ಆದ್ರೆ ಸಾಯ್ತೀನಿ ಅಂತ ಅನ್ನಿಸುತ್ತೆ. ಗಂಜಿ, ಉಪ್ಪು ಸಕ್ಕರೆ ನೀರು ಕುಡೀತಾ ಮಲಗಿ. ಗಾಡಿ ಮಾತ್ರ ಮುಟ್ಟಬೇಡಿ. ಸೊಪ್ಪು ಏನಾದ್ರೂ ಸಿಕ್ರೆ ಒಮ್ಮೆಗೇ ಹಳೇ ಅಳತೆ ಕುಡೀಬೇಡಿ, ನನ್ ಹತ್ರ ಬನ್ನಿ."

ಅಫೀಮು ಎಂಬ ಮಾತು ಕೇಳಿ ಅವರು ಗೋಡೆಯ ಕಡೆ ತಿರುಗಿ ಮಲಗಿದರು.

ಅವರನ್ನು ಸೊರಬದಲ್ಲೇ ಅವರ ಅತ್ತೆಯ ಮನೆಗೆ ಸೇರಿಸಿದೆವು. ಅಕ್ಕನೂ ಮಕ್ಕಳನ್ನು ಕರೆದುಕೊಂಡು ಬಂದರು. ಈ ಅತ್ತೆಯ ವಿಷಯ ಹೇಳಬೇಕು. ಗಿಡ್ಡಗೆ, ಕಪ್ಪಗೆ, ಕುತ್ತಿಗೆಯಲ್ಲಿ ಲಿಂಗದ ಕರಡಿಗೆ, ಸೊಂಟದಲ್ಲಿ ಎಲೆ ಅಡಿಕೆ ಚೀಲ, ಕೆನ್ನೆಯೊಳಗೆ ಸದಾ ಒಂದು ಉಂಡೆ ಹೊಗೆಸೊಪ್ಪು. ಮದುವೆಯಾದಾಗಿನಿಂದ ಅಳಿಯ ಈ ಹೊಗೆಸೊಪ್ಪನ್ನು ನೋಡಿ ಮುಖ ಸಿಂಡರಿಸುತ್ತಿದ್ದರು. ಆಕೆಯಾದರೋ ಹಳೆಯ ಕಾಲದ ಮರ್ಯಾದೆಯಂತೆ ಅಳಿಯನ ಮುಖ ನೋಡಿ ಒಂದು ಮಾತೂ ಆಡಿದವರಲ್ಲ. ಹೇಳಬೇಕಾದ್ದನ್ನು ಬಾಗಿಲ ಮರೆಯಲ್ಲಿ ನಿಂತು ಮಗಳಿಗೆ ಹೇಳುತ್ತಿದ್ದರು. ಮಗಳಿಲ್ಲದಿದ್ದರೆ ಕಂಬಕ್ಕೆ. ಈಗ ನಾನು ಸಿಕ್ಕೆ.

"ಕಂಡಕ್ಟ್ರೇ, ನಿಮ್ ಡ್ರೈವರಿಗೆ ಗಂಜಿ ಕುಡೀಬೇಕಂತೆ ಅಂತ ಹೇಳಿ."

"ತಮ್ಮಾ, ನಂಗ ಬ್ಯಾಡ ಅಂತ ಹೇಳು."

ಇಬ್ಬರ ನಡುವೆ ಒಂದು ಮೊಳ ಜಾಗವೂ ಇರುತ್ತಿರಲಿಲ್ಲ.

ಬಸ್ಸಿಗೆ ಧಣಿಗಳು ಬೇರೆ ಡ್ರೈವರನ್ನು ಹಾಕಿದರು. ಶಿಕಾರಿಪುರದಲ್ಲಿ ಮಲಾಯದವರು ಅಫೀಮು ತಿಂತಾರಂತೆ ಎಂದು ಸುದ್ದಿಯಾಯಿತು. ಅವರು ಮತ್ತೆ ಬಸ್ಸು ಹತ್ತುವುದು ಅನುಮಾನ ಎಂದು ಧಣಿಗಳೂ ನನ್ನ ಹತ್ತಿರ ಅಂದರು. ನಾನು ದಿನವೂ ಸೊರಬಕ್ಕೆ ಹೋದಾಗ ನೋಡಿಕೊಂಡು ಬರುತ್ತಿದ್ದೆ. ಹಾಸಿಗೆಯ ಮೇಲೆ ಕಾಲು ಒದೆಯುತ್ತಾ ಬಿದ್ದಿರುತ್ತಿದ್ದರು. ಮೂಳೆಯೊಳಗೆ ಇರುವೆ ಹರಿದಂತೆ ಎನ್ನುತ್ತಿದ್ದರು. ಕಂಬಳಿ ಹೊದೆಯುವರು, ಒದೆಯುವರು. ಅಕ್ಕ ಮುಟ್ಟಿದರೆ ಬೈಯುವರು, ಬೈದದ್ದಕ್ಕೆ ಅಳುವರು. ಬಸ್ಸಿನಲ್ಲಿ ಬೀಡಿಯವರನ್ನು ನಡುಗಿಸುತ್ತಿದ್ದ ಮನುಷ್ಯ ಚಿಕ್ಕ ಮಕ್ಕಳಂತೆ ಬಿಕ್ಕಿ ಅಳುವುದನ್ನು ನೋಡಲಾಗುತ್ತಿರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಶಿಕಾರಿಪುರದ ಪೋಸ್ಟ್‌ಮ್ಯಾನು ಬಸ್ಸಿನ ಹತ್ತಿರ ಬಂದು, ಮನೆಗೆ ಬೀಗ ಹಾಕಿದೆ, ನೀವೇ ಮುಟ್ಟಿಸಿ ಎಂದು ಒಂದು ಪಾರ್ಸಲನ್ನು ನನ್ನ ಕೈಯಲ್ಲಿಟ್ಟ. ಗೋಣಿಬಟ್ಟೆಯಲ್ಲಿ ಹೊಲಿದ ಗಂಟು. ಮೂಸುವ ಮೊದಲೇ ಗೊತ್ತಾಯಿತು. ದಾರಿಯುದ್ದಕ್ಕೂ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಕೆರೆಯ ಏರಿ ಬಂದಾಗ ಕಿಟಕಿಯಿಂದ ನೀರಿಗೆ ಎಸೆದುಬಿಡೋಣ ಎನಿಸಿತು. ಅವರು ಕಾಲು ಒದೆಯುವುದು ಕಣ್ಣ ಮುಂದೆ ಬಂದು ಕೈ ಬರಲಿಲ್ಲ.

ಅತ್ತೆಯ ಮನೆಯ ಜಗಲಿಯಲ್ಲಿ ಅವರು ಕಂಬಳಿ ಸುತ್ತಿಕೊಂಡು ಗೋಡೆಗೆ ಒರಗಿದ್ದರು. ಹಿಂದಿನ ದಿನ ಎದ್ದು ಕೂರಲು ಇಬ್ಬರು ಹಿಡಿಯಬೇಕಾಗಿತ್ತು. ನಾನು ಬೀದಿಯ ತಿರುವಿನಲ್ಲಿ ಕಂಡದ್ದೇ ತಡ, ಕಂಬಳಿ ಅಲ್ಲೇ ಬಿತ್ತು, ಅವರು ಅಂಗಳ ಹಾರಿ ಓಡಿಬಂದರು. ನಾನು ಹೆದರಿ ಅಲ್ಲೇ ನಿಂತೆ. ಅಷ್ಟರಲ್ಲಿ ಅತ್ತೆ ಒಳಗಿಂದ ಬಂದವರು ಬಾಗಿಲ ಮರೆಯನ್ನು ಬಿಟ್ಟು, ಸೀದಾ ನಮ್ಮಿಬ್ಬರ ನಡುವೆ ಬಂದು ನಿಂತರು.

"ಕಂಡಕ್ಟ್ರೇ, ಅದನ್ನ ನನ್ ಕೈಗೆ ಕೊಡಿ."

"ತಮ್ಮಾ, ಅದು ನನ್ ಹೆಸರಿಗೆ ಬಂದಿರೋದು. ನನ್ ಕೈಯಾಗ ಕೊಡು. ನಿನ್ನ ಒಡಹುಟ್ಟಿದೋನು ಅಂತ ತಿಳಿದೀನಿ," ಎಂದು ಅವರು ಎರಡೂ ಕೈ ಚಾಚಿದರು.

ನಾನು ಅಕ್ಕನ ಕಡೆ ನೋಡಿದೆ. ಅಕ್ಕ ಹೊಸ್ತಿಲಲ್ಲಿ ನಿಂತು, "ಅವ್ವನ ಕೈಯಾಗ ಕೊಡು ತಮ್ಮಾ" ಎಂದರು. ಕೊಟ್ಟೆ.

ಅತ್ತೆ ಗಂಟನ್ನು ಕಂಕುಳಲ್ಲಿ ಇರುಕಿಕೊಂಡು, ತಲೆಯೆತ್ತಿ ಅಳಿಯನ ಮುಖವನ್ನು ನೋಡಿದರು. "ಅಳಿಯಂದ್ರೇ, ಇಲ್ಲಿ ನೋಡಿ" ಎಂದರು. ಅಷ್ಟು ವರ್ಷದಲ್ಲಿ ಮೊದಲ ಸಲ. ಅವರು ಚಾಚಿದ ಕೈಯನ್ನು ಹಾಗೇ ಹಿಡಿದು ಬೆಪ್ಪಾಗಿ ನಿಂತರು.

"ಇದು ಏನು ಅಂತ ಹೇಳಿ."

"ಸೊಪ್ಪು."

ಆಕೆ ಸೊಂಟದ ಚೀಲ ಬಿಚ್ಚಿ ಒಂದು ಎಸಳು ಹೊಗೆಸೊಪ್ಪು ತೆಗೆದು ಅವರ ಮೂಗಿನ ಮುಂದೆ ಹಿಡಿದರು. "ಇದು ಏನು?"

ಅವರು ಮೂಗನ್ನು ಹಿಂದಕ್ಕೆಳೆದುಕೊಂಡರು.

"ಇದೂ ಸೊಪ್ಪೇ ಕಣ್ರೀ. ಇದಿಲ್ದಿದ್ರೆ ನಂಗೆ ಮಗಳೂ ಬೇಡ, ಮೊಮ್ಮಕ್ಕಳೂ ಬೇಡ ಅನ್ಸುತ್ತೆ. ಒಂದ್ಸಲ ಸಂತೆ ತಪ್ಪಿಹೋಗಿ ಎರಡು ದಿನ ಹೊಗೆಸೊಪ್ಪಿಲ್ದೆ, ಹಾಲು ಕರೆಯೋ ಚೊಂಬಿಂದ ಎಮ್ಮೆಗೆ ಹೊಡೆದಿದೀನಿ. ನಂದು ಚಟ. ನಿಮ್ದು ಕಷಾಯವಾ? ನಾಚಿಕೆ ಯಾಕೆ, ಅಂದ್ಬಿಡಿ ಒಂದ್ಸಲ. ಅಂದ್ರೆ ಕೊಡ್ತೀನಿ. ನಾ ಕೊಟ್ಟಷ್ಟು ಕುಡೀಬೇಕು."

ಬೀದಿಯಲ್ಲಿ ಎರಡು ಮೂರು ಜನ ನಿಂತಿದ್ದರು. ಅಳಿಯ ಸುತ್ತ ನೋಡಿದರು. ನನ್ನನ್ನು ನೋಡಿದರು. ಆಮೇಲೆ ನೆಲ ನೋಡುತ್ತಾ, "ಚಟ" ಎಂದರು. ಮೆತ್ತಗೆ ಅಂದರೂ ಹೊಸ್ತಿಲಲ್ಲಿದ್ದ ಅಕ್ಕನಿಗೂ ಕೇಳಿಸಿತು.

"ಹಾಂ. ಒಳಗೆ ಬನ್ನಿ, ಒಲೆ ಹಚ್ತೀನಿ," ಎಂದರು ಅತ್ತೆ.

ಡಾಕ್ಟರನ್ನು ಕೇಳಿದಾಗ, ಅಷ್ಟಷ್ಟೇ ಇಳಿಸಿಕೊಂಡು ಬನ್ನಿ, ಅವಸರ ಬೇಡ, ಆದರೆ ಸೊಪ್ಪಿನ ಗಂಟು ಅವರ ಕೈಗೆ ಸಿಗಬಾರದು ಎಂದರು. ಸಿಗುವುದೆಂತು? ಗಂಟು ಅತ್ತೆಯ ತಲೆದಿಂಬಿನ ಕೆಳಗೆ. ಅಳತೆಗೆ ಅವರ ಸುಣ್ಣದ ಡಬ್ಬಿಯ ಮುಚ್ಚಳ. ಬೆಳಿಗ್ಗೆ ಇಷ್ಟು, ಸಂಜೆ ಇಷ್ಟು. ವಾರ ಕಳೆದಂತೆ ಮುಚ್ಚಳದಲ್ಲಿ ಸೊಪ್ಪಿನ ಪುಡಿ ತಗ್ಗುತ್ತಾ ಹೋಯಿತು. ಅಳಿಯ ಮಾಡದ ಉಪಾಯವಿಲ್ಲ. ಲೋಟ ಕೈತಪ್ಪಿ ಚೆಲ್ಲಿತು ಎಂದರು. ಅತ್ತೆ ನೆಲ ಮುಟ್ಟಿ ನೋಡಿ, "ನೀರು ಇದು" ಎಂದರು. ನಾಳೆಯದನ್ನು ಇವತ್ತೇ ಕೊಡಲು ಹೇಳು ಎಂದು ನನ್ನನ್ನು ಕಳಿಸಿದರು. "ನಾಳೆ ಊಟ ಇವತ್ತೇ ಮಾಡ್ತಾರಾ ಕೇಳಿ" ಎಂದು ಉತ್ತರ ಬಂತು. ತಮ್ಮ ಮಗಳನ್ನು ಅಜ್ಜಿಯ ದಿಂಬಿನ ಹತ್ತಿರ ಆಡಲು ಬಿಟ್ಟರು. ಆ ಮಗು ಗಂಟಿನ ಬದಲು ಹೊಗೆಸೊಪ್ಪು ತಂದುಕೊಟ್ಟಿತು.

"ಇಂಥ ಜುಗ್ಗ ಹೆಂಗಸನ್ನ ನಾ ಮಲಾಯದಾಗೂ ಕಂಡಿಲ್ಲ," ಎಂದು ಅವರು ನನ್ನ ಕಿವಿಯಲ್ಲಿ ಹೇಳುತ್ತಿದ್ದರು. ಆದರೆ ಹೇಳುವಾಗ ಮೂಗು ಸೋರುತ್ತಿರಲಿಲ್ಲ. ಅನ್ನ ಸೇರತೊಡಗಿತ್ತು. ಮಳೆ ಹಿಡಿಯುವ ಹೊತ್ತಿಗೆ ಗುಡವಿಯ ಕೆರೆಗೆ ಹಕ್ಕಿ ಬಂದಿವೆಯಂತೆ ಎಂದು ಅಕ್ಕನನ್ನು ಕರೆದುಕೊಂಡು ನೋಡಿಬಂದರು.

ನಡುವೆ ಒಂದು ತಮಾಷೆಯೂ ಆಯಿತು. ಅಳಿಯನಿಗೆ ಧೈರ್ಯ ಬರಲಿ ಎಂದು ಅತ್ತೆ, ನಾನೂ ಹೊಗೆಸೊಪ್ಪು ಬಿಡುತ್ತೇನೆ ಎಂದು ಒಂದು ಸೋಮವಾರ ಘೋಷಿಸಿದರು. ಬೆಳಿಗ್ಗೆ ಬಿಟ್ಟರು. ಮಧ್ಯಾಹ್ನ ನಾನು ಹೋಗುವಷ್ಟರಲ್ಲಿ ಮನೆಯಲ್ಲಿ ಅತ್ತೆ, ಅಳಿಯನ ಹೊರತು ಯಾರೂ ಇರಲಿಲ್ಲ. ಅಕ್ಕ ಮಕ್ಕಳೊಂದಿಗೆ ಪಕ್ಕದ ಮನೆಯಲ್ಲಿದ್ದರು, ಎಮ್ಮೆ ಹಗ್ಗ ಹರಿದುಕೊಂಡು ಹೋಗಿತ್ತು. ಕೊನೆಗೆ ಅಳಿಯ ತಾವೇ ಅಂಗಡಿಗೆ ಹೋಗಿ, ಜೀವಮಾನದಲ್ಲಿ ಮೊದಲ ಸಲ ಹೊಗೆಸೊಪ್ಪು ಕೊಂಡು, ತಂದು ಅತ್ತೆಯ ಮುಂದಿಟ್ಟು, "ತಗೊಳ್ರಿ ಅತ್ತೇರೆ, ಒಂದು ಮನ್ಯಾಗ ಒಬ್ರು ಬಿಟ್ರ ಸಾಕು" ಎಂದರಂತೆ.

ಕೊನೆಗೆ ಒಂದು ದಿನ ಮುಚ್ಚಳದಲ್ಲಿ ಏನೂ ಇಲ್ಲದೆಯೇ ಬೆಳಗು ಕಳೆಯಿತು, ಸಂಜೆಯೂ ಕಳೆಯಿತು. ಗಂಟಿನಲ್ಲಿ ಇನ್ನೂ ಸೊಪ್ಪು ಉಳಿದಿತ್ತು. ಅತ್ತೆ ಅದನ್ನು ಬಚ್ಚಲ ಒಲೆಗೆ ಹಾಕಿ ನೀರು ಕಾಯಿಸಿದರು. ಅಳಿಯ ಒಲೆಯ ಮುಂದೆ ಕೂತು, ಅದು ಪೂರ್ತಿ ಉರಿಯುವವರೆಗೂ ನೋಡಿ, ಆ ನೀರಿನಲ್ಲೇ ಸ್ನಾನ ಮಾಡಿ ಬಂದರು.

ಧಣಿಗಳು ಅವರನ್ನು ಸ್ವಲ್ಪ ಕಾಲ ಗ್ಯಾರೇಜಿನಲ್ಲಿ ಇಟ್ಟುಕೊಂಡು, ಕೈ ನಡುಗುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಬಸ್ಸು ಕೊಟ್ಟರು. ಮೊದಲ ದಿನ ಬಸ್ಸು ತುಂಬಿತ್ತು. ಅವರು ಹ್ಯಾಂಡಲ್ ತಿರುಗಿಸಿದರು. ಒಂದೇ ಏಟಿಗೆ ಆಗಲಿಲ್ಲ, ಮೂರನೆಯದಕ್ಕೆ ಎದ್ದಿತು. ಸೀಟಿಗೆ ಏರಿ ಹಿಂದೆ ತಿರುಗಿದರು. ಹಿಂದಿನ ಸೀಟಿನಲ್ಲಿ ಒಬ್ಬ ಬೀಡಿ ಹಚ್ಚಿದ್ದವನು ಗಡಬಡಿಸಿ ತುಳಿದ. ಎಲ್ಲರೂ ಉಪನ್ಯಾಸಕ್ಕೆ ಕಾದರು. ಬರಲಿಲ್ಲ.

"ಏನ್ರೀ, ಇವತ್ತು ಉಪದೇಶ ಇಲ್ವಾ?" ಎಂದರು ಶಾನುಭೋಗರು. ಅವರಿಗೆ ನಿಜವಾಗಿ ಬೇಸರವಾಗಿತ್ತು.

"ಶಾನುಭೋಗ್ರೇ, ನಶ್ಯ ಏರಿಸೋ ಹಂಗಿದ್ರ ಎಡಗಡೆ ಕಿಟಕಿಗೆ ಕುಂದ್ರಿ. ಗಾಳಿಗೆ ನನ್ ಕಣ್ಣಿಗೆ ಬರ್ತೈತಿ," ಎಂದಷ್ಟೇ ಹೇಳಿ ಗೇರು ಹಾಕಿದರು.

ಆಮೇಲೆ ಆ ಬಸ್ಸಿನಲ್ಲಿ ಉಪನ್ಯಾಸ ನಡೆಯಲಿಲ್ಲ. ಬದಲಿಗೆ ಬೇರೊಂದು ಶುರುವಾಯಿತು. ಶಿರಾಳಕೊಪ್ಪದಲ್ಲಿ ಬಸ್ಸು ನಿಂತಾಗ ಯಾರಾದರೂ ಒಬ್ಬರು ಅವರ ಹತ್ತಿರ ಮೆಲ್ಲಗೆ ಬಂದು, ಸಾರಾಯಿಯದೋ ಗಾಂಜಾದ್ದೋ ತಮ್ಮ ಕಷ್ಟವನ್ನು ಹೇಳಿಕೊಳ್ಳುವರು. ಇವರು ಎಲ್ಲ ಕೇಳಿ, ಹೆಗಲ ಮೇಲೆ ಕೈಯಿಟ್ಟು, "ಮೊದ್ಲು ಡಾಕ್ಟ್ರಿಗೆ ತೋರಿಸ್ರಿ. ಒಬ್ರೇ ಬಿಡಾಕ ಹೋಗಬ್ಯಾಡ್ರಿ" ಎನ್ನುವರು. ಒಬ್ಬಿಬ್ಬರನ್ನು ಸೊರಬದ ಅತ್ತೆಯ ಮನೆಗೂ ಕರೆದುಕೊಂಡು ಹೋಗಿದ್ದರು. ಅತ್ತೆ ಬಾಯಲ್ಲಿ ಹೊಗೆಸೊಪ್ಪು ಇಟ್ಟುಕೊಂಡೇ ಅವರನ್ನು ವಿಚಾರಿಸಿಕೊಂಡರು.

ನಾನು ಕಂಡಕ್ಟರ್ ಕೆಲಸ ಬಿಟ್ಟು ಸೊಸೈಟಿಯೊಂದರಲ್ಲಿ ಗುಮಾಸ್ತನಾಗಿ ಬೇರೆ ಊರು ಸೇರಿದೆ. ವರ್ಷಗಳಾದ ಮೇಲೆ, ಅವರು ಬಿದ್ದು ಸೊಂಟದ ಮೂ‌ಳೆ ಮುರಿದುಕೊಂಡು ಶಿವಮೊಗ್ಗದ ಆಸ್ಪತ್ರೆಯಲ್ಲಿದ್ದಾರೆ ಎಂದು ತಿಳಿದು ನೋಡಲು ಹೋದೆ. ಮೀಸೆ ಬೆಳ್ಳಗಾಗಿತ್ತು. ನೋವಿಗೆ ಹಲ್ಲು ಕಚ್ಚಿ ಮಲಗಿದ್ದರು. ಅತ್ತೆ ತೀರಿಕೊಂಡು ಆಗಲೇ ಬಹಳ ಕಾಲವಾಗಿತ್ತು. ಚಿಕ್ಕ ಪ್ರಾಯದ ಡಾಕ್ಟರೊಬ್ಬ ಸಿರಿಂಜು ಹಿಡಿದು ಬಂದು, "ಅಜ್ಜಾರೆ, ಇದು ಸ್ವಲ್ಪ ಜೋರಿನ ಇಂಜೆಕ್ಷನ್ನು. ಅಫೀಮಿನ ಜಾತಿದು. ನೋವು ಪೂರ್ತಿ ಹೋಗುತ್ತೆ" ಎಂದ.

ಅವರು ತೋಳನ್ನು ಹೊದಿಕೆಯೊಳಗೆ ಎಳೆದುಕೊಂಡರು. "ಕೊಡೋದು ನೀವು ಕೊಡ್ತೀರಿ ಡಾಕ್ಟ್ರೇ," ಎಂದರು, "ಬಿಡಿಸಾಕ ಈಗ ನಮ್ಮತ್ತಿ ಇಲ್ಲ."

ಅರ್ಥವಾಗದೆ ಅವನು ನನ್ನ ಮುಖ ನೋಡಿದ. ಮಂಚದ ಕಾಲಬಳಿ ಕೂತಿದ್ದ ಅಕ್ಕ ಎದ್ದು ಬಂದು, ಹೊದಿಕೆ ಸರಿಸಿ, ಗಂಡನ ತೋಳನ್ನು ಹಿಡಿದು ಹೊರಗೆ ತೆಗೆದರು.

"ಹಾಕ್ರಿ ಡಾಕ್ಟ್ರೇ. ನಾನಿದೀನಿ."